ಎರಡನೇ ಬೋರ್‌ ಕೊರೆಸುವ ಮೊದಲು ಮೀಟರ್‌ ಹಾಕಿಸಿ

ಪ್ರಶ್ನೆ: ಮಾಲೂರಿನಲ್ಲಿ ನಮ್ಮದು ಆಲೂ ಚಿಪ್ಸ್‌ ಘಟಕ. ದಿನಕ್ಕೆ 5,000 ಲೀಟರ್‌ ನೀರು ಬೇಕು. ಬೋರ್‌ ಸೋತಿದೆ, ಟ್ಯಾಂಕರ್‌ ತರಿಸುತ್ತಿದ್ದೇವೆ. ಉತ್ಪಾದನೆ ದುಪ್ಪಟ್ಟು ಮಾಡಬೇಕೆಂದಿದ್ದೇವೆ. 1,500 ಅಡಿ ಕೊರೆಸಬಹುದೇ?

ಬೇಡ. ಊರು ಬದಲಾಗುತ್ತದೆ, ಈ ಪ್ರಶ್ನೆ ಮಾತ್ರ ಬರುತ್ತಲೇ ಇರುತ್ತದೆ. ನಿಮ್ಮ ಕೋಲಾರ ಜಿಲ್ಲೆಯ ನೆಲ ಗಟ್ಟಿಬಂಡೆ. ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ. ಆಳಕ್ಕಿಳಿದಷ್ಟೂ ಬಿರುಕು ಕಡಿಮೆ, ಫ್ಲೋರೈಡ್‌ ಭಯ ಹೆಚ್ಚು. 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಅನುಮತಿಯನ್ನೂ ಪಡೆಯಬೇಕು.

5,000 ಎಂಬುದು ಟ್ಯಾಂಕರ್‌ ಎಣಿಸಿ ಹೇಳಿದ ಲೆಕ್ಕ. ಗೆಡ್ಡೆ ತೊಳೆಯುವ, ಹೆಚ್ಚಿದ ಬಿಲ್ಲೆ ತೊಳೆಯುವ, ನೆಲ ಮತ್ತು ಶೌಚಾಲಯದ ಲೈನುಗಳಿಗೆ ಒಂದೊಂದು ಮೀಟರ್‌ ಹಾಕಿಸಿ. ಒಂದು ಕಿಲೋ ಗೆಡ್ಡೆಗೆ ಎಷ್ಟು ಲೀಟರ್‌ ಎಂದು ದಿನವೂ ಬರೆದಿಡಿ. ಆ ಅಂಕಿ ಅರ್ಧಕ್ಕಿಳಿಯುವವರೆಗೆ ಹೊಸ ಯಂತ್ರಕ್ಕೆ ಮುಂಗಡ ಕೊಡಬೇಡಿ. ಅರ್ಧಕ್ಕಿಳಿದರೆ ಇದೇ ನೀರಿನಲ್ಲಿ ದುಪ್ಪಟ್ಟು ಮಾಲು ಬರುತ್ತದೆ.

ಇಳಿಸುವ ದಾರಿ ಇದು: ಹೊಸ ನೀರು ಬಿಲ್ಲೆಯ ಕೊನೆಯ ತೊಳೆತಕ್ಕೆ ಮಾತ್ರ. ಅಲ್ಲಿಂದ ಬಿಟ್ಟ ನೀರನ್ನು ತಿಳಿತೊಟ್ಟಿಯಲ್ಲಿ ನಿಲ್ಲಿಸಿ, ಪಿಷ್ಟ ತಳಕ್ಕೆ ಕೂತ ಮೇಲೆ ಮಣ್ಣು ಮೆತ್ತಿದ ಗೆಡ್ಡೆಯ ಮೊದಲ ತೊಳೆತಕ್ಕೆ ಬಿಡಿ. ತೊಟ್ಟಿಯನ್ನು ಅಂದಂದೇ ಖಾಲಿ ಮಾಡಿ ಉಜ್ಜಬೇಕು. ರಾತ್ರಿ ಉಳಿದರೆ ಪಿಷ್ಟ ಹುಳಿಯುತ್ತದೆ, ಪಂಪ್‌ ಕಟ್ಟುತ್ತದೆ. ನೆಲವನ್ನು ಮೊದಲು ಗುಡಿಸಿ, ಆಮೇಲೆ ತೊಳೆಸಿ. ಪೈಪಿನ ತುದಿಗೆ, ಕೈ ಬಿಟ್ಟರೆ ನೀರು ನಿಲ್ಲುವ ಸ್ಪ್ರೇ ಗನ್‌ ಇರಲಿ.

ಇನ್ನು ಮಳೆ. 600 ಚದರ ಮೀಟರ್‌ ಶೀಟ್‌ ಚಾವಣಿ, ವರ್ಷಕ್ಕೆ 700 ಮಿ.ಮೀ. ಮಳೆ, ಶೇ 15 ನಷ್ಟ ಎಂದಿಟ್ಟುಕೊಂಡರೆ ಸುಮಾರು 3.5 ಲಕ್ಷ ಲೀಟರ್‌ ಸಿಗುತ್ತದೆ. ಅದು ನಿಮ್ಮ 70 ದಿನದ ನೀರು. ಆದರೆ 40 ಮಿ.ಮೀ.ನ ಒಂದೇ ಮಳೆಗೆ 20,000 ಲೀಟರಿನ ತೊಟ್ಟಿ ತುಂಬಿಬಿಡುತ್ತದೆ, ಹಾಗಾಗಿ ಹೆಚ್ಚುವರಿ ನೀರು ಇಂಗುಗುಂಡಿಗೆ ಹೋಗಲಿ. ಪ್ರತಿ ಮಳೆಯ ಮೊದಲ 600ರಿಂದ 1,200 ಲೀಟರ್‌ ಹೊರಗೆ ಬಿಡಿ. ಇಂಗುಗುಂಡಿ ಎಂದರೆ ಬೋರ್‌ ಸುತ್ತ 10 ಅಡಿ ಉದ್ದ, ಅಗಲ, ಆಳದ ಗುಂಡಿ. ಅದರೊಳಗಿನ ಕೇಸಿಂಗ್‌ಗೆ (ಬೋರಿನ ಹೊರಕೊಳವೆಗೆ) ತೂತು, ಅದರ ಮೇಲೆ ನೈಲಾನ್‌ ಜಾಲರಿ. ಕೆಳಗಿನಿಂದ ದಪ್ಪ ಕಲ್ಲು, 40 ಮಿ.ಮೀ. ಜಲ್ಲಿ, 20 ಮಿ.ಮೀ. ಜಲ್ಲಿ, ಮರಳು. ಗುಂಡಿ ಕೆಡುವುದು ಮೇಲಿನ ಮರಳಿಗೆ ಹೂಳು ಕಟ್ಟಿ; ಮಳೆಗಾಲಕ್ಕೆ ಮೊದಲು ಅದನ್ನು ಕೆರೆದು ಬದಲಿಸಿ.

ಹುರಿಯುವ ಕಡಾಯಿಯ ಚಿಮಣಿ ಸುತ್ತಲಿನ ಶೀಟಿನ ಮೇಲೆ ಎಣ್ಣೆ ಕೂತಿರುತ್ತದೆ. ಆ ಭಾಗದ ನೀರನ್ನೂ ಅಂಗಳದ ನೀರನ್ನೂ ಗುಂಡಿಗೆ ಬಿಡಲೇಬೇಡಿ. ಬಂಡೆಯ ಬಿರುಕಿಗೆ ಇಳಿದ ಎಣ್ಣೆಯನ್ನು ಹೊರತೆಗೆಯುವುದು ನಿಮ್ಮ ಕೈಲಾಗದು, ಅಕ್ಕಪಕ್ಕದ ರೈತರ ಬೋರೂ ಕೆಡುತ್ತದೆ.

ಪ್ರಶ್ನೆ: ತೆಂಗಿನಕಾಯಿ ಹಿಡಿದು ಬೋರ್‌ ಪಾಯಿಂಟ್‌ ತೋರಿಸುವವರನ್ನು ನಂಬಬಹುದೇ?

ಇಲ್ಲ. ಆ ದುಡ್ಡಿಗೆ ಮೀಟರ್‌ ಬರುತ್ತದೆ.

ಪ್ರಶ್ನೆ: ಪೈಪಿಗೆ ಮ್ಯಾಗ್ನೆಟ್‌ ಕಟ್ಟಿದರೆ ಗಡಸು ನೀರು ಮೆದುವಾಗುತ್ತದಂತೆ?

ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರಿನಲ್ಲೇ ಉಳಿಯುತ್ತವೆ. ಕೊಳ್ಳಬೇಡಿ.

ಪ್ರಶ್ನೆ: ಕೆ.ಸಿ. ವ್ಯಾಲಿ ನೀರು ತುಂಬಿದ ಕೆರೆಯಿಂದ ಟ್ಯಾಂಕರ್‌ ತುಂಬಿಸಿ ತಿಂಡಿ ಘಟಕಕ್ಕೆ ಬಳಸಬಹುದೇ?

ಕೂಡದು. ಅದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ, ಕೆರೆ ತುಂಬಿಸಿ ಅಂತರ್ಜಲ ಏರಿಸಲೆಂದು 2018ರಿಂದ ಹರಿಸುತ್ತಿರುವ ನೀರು. ಟ್ಯಾಂಕರ್‌ನವರು ನೀರು ಎಲ್ಲಿ ತುಂಬಿಸಿದರೆಂದು ಹೇಳದಿದ್ದರೆ ವಾಪಸ್‌ ಕಳಿಸಿ.