ಅಜ್ಜಿಯ ಸತ್ಯವೇದದ ಆ ಒಂದು ಸಾಲು

ಬಳ್ಳಾರಿಯ ಕೌಲ್ ಬಜಾರಿನಿಂದ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ತಿರುಳು ಇಷ್ಟು: “ಕಳೆದ ಸಂಚಿಕೆಯಲ್ಲಿ ಟ್ರೆಗೆಲ್ಲೆಸ್ ಎಂಬ ಪಾದ್ರಿ ಹಳೆಯ ಕೈಬರಹಗಳನ್ನು ಹೋಲಿಸಿ ಬೈಬಲ್ಲಿನ ಪಾಠಶುದ್ಧಿ ಮಾಡಿದ ಎಂದು ಹೊಗಳಿದ್ದೀರಿ. ನಮ್ಮ ಅಜ್ಜಿಯ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲ್ಲಿನಲ್ಲಿ, ಯೋಹಾನನ ಮೊದಲನೆಯ ಪತ್ರಿಕೆಯ 5ನೇ ಅಧ್ಯಾಯ 7ನೇ ವಚನದಲ್ಲಿ, ಪರಲೋಕದಲ್ಲಿ ಸಾಕ್ಷಿ ಹೇಳುವವರು ತಂದೆ, ವಾಕ್ಯ, ಪವಿತ್ರಾತ್ಮ ಎಂಬ ಸಾಲಿದೆ. ಮೊಮ್ಮಗಳ ಪುಸ್ತಕದಲ್ಲಿ ಅದು ಮಾಯ. ದೇವರ ಮಾತಿಗೆ ಕತ್ತರಿ ಹಾಕಲು ಅವನ್ಯಾರು? ಅವನನ್ನು ಹೊಗಳಲು ನೀವ್ಯಾರು?”

ಮಾಸ್ತರರೇ, ಮೊದಲು ನಮ್ಮ ತಪ್ಪು. ಟ್ರೆಗೆಲ್ಲೆಸ್ ಪಾದ್ರಿಯಾಗಿರಲಿಲ್ಲ, ಲೇಖನದಲ್ಲಿ ಹಾಗೆ ಅಚ್ಚಾದದ್ದು ನನ್ನ ಕಣ್ತಪ್ಪು. ಸ್ಯಾಮ್ಯುಯೆಲ್ ಪ್ರಿಡೋ ಟ್ರೆಗೆಲ್ಲೆಸ್ ಬಂದದ್ದು ಕಬ್ಬಿಣದ ಕಾರ್ಖಾನೆಯಿಂದ. ಸಂಡೂರಿನ ಕೆಂಪು ಧೂಳು ಕುಡಿದು ಬೆಳೆದ ನಮಗೆ ಈ ಸಂಗತಿ ಇನ್ನಷ್ಟು ಹಿಡಿಸಬೇಕು! 1813ರಲ್ಲಿ ಇಂಗ್ಲೆಂಡಿನ ಫಾಲ್ಮತ್‌ನಲ್ಲಿ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆಯಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ವೇಲ್ಸ್‌ನ ನೀತ್ ಅಬ್ಬೆಯ ಕಬ್ಬಿಣದ ಕೆಲಸಕ್ಕೆ ಸೇರಿದರು. ಕೆಲಸ ಮುಗಿದ ಮೇಲೆ ಗ್ರೀಕ್, ಹೀಬ್ರೂ, ಅರಾಮಿಕ್ ಕಲಿತರು. ಜೊತೆಯವರ ವೆಲ್ಷ್ ಭಾಷೆಯೂ ಬಂತು. ವಿಶ್ವವಿದ್ಯಾಲಯದ ಪಾಠ ಕೇಳಿದವರಲ್ಲ.

ಇನ್ನು ಅಜ್ಜಿಯ ಸಾಲು. ಬೈಬಲ್ಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಮೂಲಭಾಷೆ ಗ್ರೀಕ್. ಅದನ್ನು 1516ರಲ್ಲಿ ಅಚ್ಚು ಹಾಕಿಸಿ ಮಾರುಕಟ್ಟೆಗೆ ತಂದವರು ಹಾಲೆಂಡಿನ ವಿದ್ವಾಂಸ ಎರಾಸ್ಮಸ್. ಅವಸರದ ಕೆಲಸ, ಕೈಯಲ್ಲಿ ಇದ್ದದ್ದು ಕೆಲವೇ ಕೈಬರಹದ ಪ್ರತಿಗಳು, ಅವೂ ಬಹಳ ಹಳೆಯವಲ್ಲ. ಬೈಬಲ್ಲಿನ ಕಟ್ಟಕಡೆಯ ಪುಸ್ತಕವಾದ ‘ಪ್ರಕಟಣೆ’ಯ ಕೊನೆಯ ಹಾಳೆಯೇ ಹರಿದು ಹೋಗಿತ್ತು. ಅಲ್ಲಿನ ವಚನಗಳನ್ನು ಲ್ಯಾಟಿನ್‌ನಿಂದ ತಾವೇ ಗ್ರೀಕ್‌ಗೆ ತಂದು ತುಂಬಿಬಿಟ್ಟರು. ನೀವು ಕೇಳುವ ಸಾಲು 1516ರ ಮುದ್ರಣದಲ್ಲಿ ಇಲ್ಲ, 1519ರದರಲ್ಲೂ ಇಲ್ಲ. ಗಲಾಟೆಯೆದ್ದಿತು. ಆ ಸಾಲಿರುವ ಒಂದು ಗ್ರೀಕ್ ಕೈಬರಹ ಬಂತು. ಅದು ಆ ಕಾಲದಲ್ಲೇ ಬರೆದದ್ದು. 1522ರ ಮುದ್ರಣದಲ್ಲಿ ಸಾಲು ಒಳಗೆ ಬಂದು ಕೂತಿತು. ಆಮೇಲೆ ಅಚ್ಚಿನಿಂದ ಅಚ್ಚಿಗೆ ಮುನ್ನೂರು ವರ್ಷ ನಡೆಯಿತು. 1810ರಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ನಮ್ಮ ಬಳ್ಳಾರಿಗೆ ಬಂದು ಕನ್ನಡ ಬೈಬಲ್ಲಿನ ಕೆಲಸಕ್ಕೆ ಕೂತಾಗಲೂ ಎಲ್ಲೆಡೆ ಚಾಲ್ತಿಯಲ್ಲಿದ್ದದ್ದು ಅದೇ ಅಚ್ಚಿನ ಪಾಠ. ಅಜ್ಜಿಯ ಪುಸ್ತಕಕ್ಕೆ ಆ ಸಾಲು ಬಂದ ದಾರಿ ಇದು.

ಹಾಗಾದರೆ ಮೊದಲು ಅದು ಹುಟ್ಟಿದ್ದೆಲ್ಲಿ? ಲ್ಯಾಟಿನ್ ಪ್ರತಿಗಳಲ್ಲಿ. ಯಾರೋ ಅಂಚಿನಲ್ಲಿ ಬರೆದುಕೊಂಡ ವಿವರಣೆಯನ್ನು ಮುಂದಿನ ಲಿಪಿಕಾರ ಮೂಲದ್ದೇ ಎಂದು ಒಳಗೆ ಸೇರಿಸಿದ ಎಂಬುದು ಪಂಡಿತರ ಊಹೆ. ನಗಬೇಡಿ, ನಮ್ಮ ಪತ್ರಿಕೆಯಲ್ಲೇ ಒಮ್ಮೆ ಪ್ರೂಫಿನ ಅಂಚಿನಲ್ಲಿ ನಾನು ಬರೆದ ‘ಈ ಸಾಲು ಬೇಕೇ?’ ಎಂಬುದು ಒಬ್ಬರ ಕವಿತೆಯ ನಡುವೆ ಅಚ್ಚಾಗಿತ್ತು. ಕವಿಗಳು ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ.

ಪ್ರತಿಗಳನ್ನು ಹೋಲಿಸುವ ಕೆಲಸ ನಮಗೆ ಹೊಸದೇನಲ್ಲ. ಅಶೋಕನ ಒಂದೇ ಕಿರುಶಾಸನ ಮಸ್ಕಿಯಲ್ಲಿದೆ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿದೆ, ಸಿರುಗುಪ್ಪದ ಕಡೆ ನಿಟ್ಟೂರು, ಉಡೇಗೋಳದಲ್ಲೂ ಇದೆ. ಪಾಲ್ಕಿಗುಂಡಿನಲ್ಲಿ ಸವೆದ ಅಕ್ಷರವನ್ನು ಗವಿಮಠದ ಬಂಡೆ ನೋಡಿ ಓದಬಹುದು. ಗವಿಮಠದಲ್ಲಿ ಬರೀ ‘ದೇವಾನಾಂಪ್ರಿಯ’ ಎಂಬ ಬಿರುದು. ಮಸ್ಕಿಯಲ್ಲಿ ‘ಅಶೋಕ’ ಎಂಬ ಹೆಸರೇ ಇದೆ. ಬೈಬಲ್ಲಿನ ಪಾಡು ಇದಕ್ಕಿಂತ ಕಷ್ಟದ್ದು. ಮೂಲಪ್ರತಿ ಉಳಿದಿಲ್ಲ, ಇರುವುದೆಲ್ಲ ಪ್ರತಿಯ ಪ್ರತಿ. ಹೊಸ ಪ್ರತಿಗಳು ರಾಶಿ ರಾಶಿ, ಹಳೆಯವು ಬೆರಳೆಣಿಕೆ. ತಲೆ ಎಣಿಸಿ ತೀರ್ಪು ಕೊಡಬಾರದು, ಹಳೆಯ ಸಾಕ್ಷಿ ಏನು ಹೇಳುತ್ತದೆ ಕೇಳಬೇಕು ಎಂದು ಟ್ರೆಗೆಲ್ಲೆಸ್ ಹಟ ಹಿಡಿದರು.

ಹಟಕ್ಕೆ ತಕ್ಕ ತಿರುಗಾಟ. ಪೋಪರ ವ್ಯಾಟಿಕನ್ ಗ್ರಂಥಾಲಯದಲ್ಲಿದ್ದ 4ನೇ ಶತಮಾನದ ಬೈಬಲ್ ಪ್ರತಿ ನೋಡಲು 1845ರಲ್ಲಿ ರೋಮಿಗೆ ಹೋಗಿ ಐದು ತಿಂಗಳು ಕಾದರು. ನೋಡಬಹುದು, ಬರೆದುಕೊಳ್ಳುವ ಹಾಗಿಲ್ಲ! ಜೇಬು ತಡಕಿ ಕಾಗದ, ಮಸಿ ಕಿತ್ತುಕೊಂಡರು. ಒಂದೇ ಕಡೆ ಹೆಚ್ಚು ಹೊತ್ತು ಕಣ್ಣಿಟ್ಟರೆ ಕಾವಲಿಗಿದ್ದ ಇಬ್ಬರು ಧರ್ಮಾಧಿಕಾರಿಗಳು ಪುಸ್ತಕವನ್ನೇ ಎಳೆದುಕೊಳ್ಳುತ್ತಿದ್ದರು. ಉಗುರಿನ ಮೇಲೆ ಪಾಠಾಂತರ ಗೀಚಿಕೊಂಡರೆಂಬ ಕಥೆಯೂ ಓಡಾಡುತ್ತದೆ. ಚೆಂದದ ಕಥೆ, ನಾನಂತೂ ನಂಬಲಾರೆ. ಬೇರೆ ಊರುಗಳ ಗ್ರಂಥಾಲಯಗಳಲ್ಲಿ ಕೂತು ಒಂದೊಂದೇ ಅಕ್ಷರ ಹೋಲಿಸಿದರು. ಒಮ್ಮೆ ಬರೆದದ್ದನ್ನು ಅಳಿಸಿ ಅದೇ ಚರ್ಮದ ಮೇಲೆ ಇನ್ನೊಂದು ಬರೆದಿದ್ದ ಪ್ರತಿಯ ಅಡಿಯ ಅಕ್ಷರಗಳನ್ನೂ ಬಿಡಿಸಿ 1861ರಲ್ಲಿ ಅಚ್ಚು ಹಾಕಿಸಿದರು. ಅಂಥ ಓದಿನಲ್ಲಿ ಕಣ್ಣು ಏನಾಗುತ್ತದೆ ಎಂಬುದು ಓಲೆಗರಿ ಹಿಡಿದು ಕೂತವರಿಗೆ ಗೊತ್ತು.

ನಿಮ್ಮ ಸಿಟ್ಟಿಗೆ ನನ್ನ ಉತ್ತರ ಇಲ್ಲಿದೆ. ಧರ್ಮಗ್ರಂಥವನ್ನು ಅಲುಗಾಡಿಸಲು ಹೊರಟವರ ಸಾಲಿನಲ್ಲಿ ಟ್ರೆಗೆಲ್ಲೆಸ್ ಅವರನ್ನು ನಿಲ್ಲಿಸಬೇಡಿ. ಅದರ ಪ್ರತಿಯೊಂದು ಪದವೂ ದೇವರ ಪ್ರೇರಣೆಯದ್ದು ಎಂದು ನಿಮ್ಮಷ್ಟೇ ಗಟ್ಟಿಯಾಗಿ ನಂಬಿದ್ದರು. ನಂಬಿದ್ದಕ್ಕೇ, ಲಿಪಿಕಾರ ಸೇರಿಸಿದ ಪದವನ್ನು ದೇವರ ಬಾಯಿಗೆ ಹಾಕಲು ಅವರ ಮನಸ್ಸು ಒಪ್ಪಲಿಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಿತ್ವವನ್ನು ಅವರು ಬಿಡಲಿಲ್ಲ, ಆ ಸಾಲನ್ನು ಬಿಟ್ಟರು.

ಅವರ ಗ್ರೀಕ್ ಹೊಸ ಒಡಂಬಡಿಕೆ 1857ರಿಂದ ಕಂತು ಕಂತಾಗಿ ಹೊರಬಂತು. 1870ರಲ್ಲಿ, ‘ಪ್ರಕಟಣೆ’ ಪುಸ್ತಕದ ಕೊನೆಯ ಅಧ್ಯಾಯಗಳ ಮೇಲೆ ಕೂತಿದ್ದಾಗ, ಲಕ್ವ ಹೊಡೆಯಿತು. ಎರಾಸ್ಮಸ್‌ಗೆ ಹಾಳೆ ಸಿಗದೆ ಹೋದದ್ದೂ ಆ ಪುಸ್ತಕದ ಕೊನೆಯಲ್ಲೇ, ನೋಡಿ. ಗೆಳೆಯರು ಕೈಗೂಡಿಸಿ 1872ರಲ್ಲಿ ಆ ಕಂತನ್ನೂ ಹೊರತಂದರು. ಟ್ರೆಗೆಲ್ಲೆಸ್ 1875ರಲ್ಲಿ ಪ್ಲಿಮತ್‌ನಲ್ಲಿ ತೀರಿಕೊಂಡರು.

ಅಜ್ಜಿಯ ಪುಸ್ತಕವನ್ನು ತಪ್ಪಿನ ಪುಸ್ತಕವೆಂದು ಅಟ್ಟಕ್ಕೆ ಹಾಕಬೇಡಿ. ಅಂಥ ಪ್ರತಿ ಈಗ ಬಳ್ಳಾರಿಯಲ್ಲಿ ಎಷ್ಟು ಮನೆಯಲ್ಲಿದ್ದೀತು? ಮೊದಲ ಹಾಳೆ ಉಳಿದಿದ್ದರೆ ಅಚ್ಚಾದ ಊರು, ಇಸವಿ ಬರೆದು ಕಳಿಸಿ. ಒಂದು ಭಾನುವಾರ ನಾನೇ ಬಂದು ನೋಡುತ್ತೇನೆ. ಅಲ್ಲಿಯವರೆಗೆ ಹರಿದಲ್ಲಿ ಸೆಲ್ಲೋಟೇಪ್ ಮಾತ್ರ ಹಚ್ಚಬೇಡಿ.

– ಸಂ.