ಐದು ಜನರಲ್ಲಿ ಒಬ್ಬರಿಗೆ ಕ್ಯಾನ್ಸರ್ ಬರುತ್ತಂತೆ, ಈ ಲೆಕ್ಕವನ್ನು ಹೇಗೆ ಓದಬೇಕು?

ನೀವು ಕೇಳಿದ್ದು ಮೂರು ವಿಷಯ. ಐದರಲ್ಲಿ ಒಬ್ಬರಿಗೆ ಅಂತ ಓದಿದಾಗಿನಿಂದ ನಿಮಗೆ ನಿದ್ದೆ ಬರುತ್ತಿಲ್ಲ. ಯಾವ ಲಕ್ಷಣ ಕಂಡರೆ ಡಾಕ್ಟರ್ ಹತ್ತಿರ ಹೋಗಬೇಕು ಅಂತ ಗೊತ್ತಾಗಬೇಕು. ಮತ್ತೆ, ಕರುಳಿನ ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಳ್ಳುತ್ತಿರುವ ನಿಮ್ಮ ಚಿಕ್ಕಪ್ಪನನ್ನು ನೋಡಿಕೊಳ್ಳುವಾಗ ಯಾವುದಕ್ಕೆ ಗಾಬರಿಯಾಗಬೇಕು ಅಂತಲೂ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಕ್ಯಾನ್ಸರ್ ಕೇಸುಗಳನ್ನು ದಾಖಲಿಸುವ ರಿಜಿಸ್ಟ್ರಿಯಲ್ಲಿ ನನ್ನ ಕೆಲಸ. ಹಾಗಾಗಿ ಲೆಕ್ಕದ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಐದರಲ್ಲಿ ಒಬ್ಬರು ಅನ್ನುವುದು ಸುಳ್ಳಲ್ಲ. ಜಗತ್ತಿನಾದ್ಯಂತ 2022ರ ಅಂದಾಜು ಹೀಗಿದೆ: ಒಂದು ವರ್ಷದಲ್ಲಿ ಸುಮಾರು 2 ಕೋಟಿ ಹೊಸ ಕೇಸು, 97 ಲಕ್ಷ ಸಾವು. ಆದರೆ ಆ ಐದರಲ್ಲಿ ಒಂದು ಇಡೀ ಜೀವಮಾನದ ಲೆಕ್ಕ, ಮುಂದಿನ ವರ್ಷದ್ದಲ್ಲ. ಅದರಲ್ಲಿ ದೊಡ್ಡ ಪಾಲು ವಯಸ್ಸಾದ ಮೇಲೆ ಬರುವಂಥದ್ದು. ಮೂವತ್ತರ ಹರೆಯದವರು ಅದನ್ನು ಓದಿ ‘ನಮ್ಮ ಗೆಳೆಯರ ಗುಂಪಿನಲ್ಲಿ ಐದು ಜನ ಇದ್ದೇವೆ, ಯಾರಿಗೆ?’ ಅಂತ ಎಣಿಸಿದರೆ ಲೆಕ್ಕ ತಪ್ಪುತ್ತದೆ. 2050ರ ಹೊತ್ತಿಗೆ ಹೊಸ ಕೇಸು ವರ್ಷಕ್ಕೆ ಮೂರೂವರೆ ಕೋಟಿ ದಾಟಬಹುದು ಅನ್ನುವ ಅಂದಾಜೂ ಇದೆ. ಅದಕ್ಕೆ ಮುಖ್ಯ ಕಾರಣ ಜನಸಂಖ್ಯೆ ಹೆಚ್ಚುವುದು, ಜನ ಹೆಚ್ಚು ವರ್ಷ ಬದುಕುವುದು. ಒಬ್ಬೊಬ್ಬರ ಅಪಾಯವೂ ಅಷ್ಟೇ ಏರುತ್ತದೆ ಅಂತ ಅದರ ಅರ್ಥವಲ್ಲ.

ಯಾವ ಸಂಖ್ಯೆ ಕಂಡರೂ ನಾನು ಕೇಳುವುದು ಇಷ್ಟೇ: ಎಷ್ಟು ಜನರಲ್ಲಿ? ಎಷ್ಟು ವರ್ಷದಲ್ಲಿ? ಯಾರಿಗೆ ಹೋಲಿಸಿದರೆ? ಸಂಸ್ಕರಿಸಿದ ಮಾಂಸದ (ಸಾಸೇಜ್, ಬೇಕನ್ ಥರದ್ದು) ಸುದ್ದಿಯನ್ನೇ ನೋಡಿ. ದಿನಾ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರ್ ಅಪಾಯ 18% ಹೆಚ್ಚು ಅಂತ 2015ರಲ್ಲಿ ಎಲ್ಲ ಕಡೆ ಬಂತು. ತಿನ್ನದ 100 ಜನರಲ್ಲಿ 5 ಜನರಿಗೆ ಜೀವಮಾನದಲ್ಲಿ ಆ ಕ್ಯಾನ್ಸರ್ ಬರುತ್ತದೆ ಅಂದುಕೊಳ್ಳಿ. ಅಪಾಯ 18% ಏರಿದರೆ ಆ 5 ಹೆಚ್ಚುಕಡಿಮೆ 6 ಆಗುತ್ತದೆ. 23 ಆಗುವುದಿಲ್ಲ! ತಲೆಬರಹ ಬರೆಯುವವರು ಇದನ್ನು ಬಿಡಿಸಿ ಹೇಳುವುದೇ ಇಲ್ಲ, ನನಗೆ ಸಿಟ್ಟು ಬರುವುದು ಅಲ್ಲೇ. ಕ್ಯಾನ್ಸರ್ ತರುವ ವಸ್ತುಗಳು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮಾಡಿದ ಪಟ್ಟಿಯಲ್ಲಿ ಆ ಮಾಂಸವನ್ನು ತಂಬಾಕಿನ ಜೊತೆಗೇ ಸೇರಿಸಿದ್ದಾರೆ ಅಂತಲೂ ಹೆದರಿಸುತ್ತಾರೆ. ನಿಜ, ಎರಡೂ ಒಂದೇ ಪಟ್ಟಿಯಲ್ಲಿವೆ. ಆದರೆ ಅದು ಪುರಾವೆ ಎಷ್ಟು ಗಟ್ಟಿ ಅಂತ ಹೇಳುವ ಪಟ್ಟಿ, ಅಪಾಯ ಎಷ್ಟು ದೊಡ್ಡದು ಅಂತ ಹೇಳುವುದಲ್ಲ. ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಸೇದದವರಿಗಿಂತ 15ರಿಂದ 30 ಪಟ್ಟು. ಎಲ್ಲಿಯ 18%, ಎಲ್ಲಿಯ 15 ಪಟ್ಟು!

ಚಿಂತೆ ಮಾಡಲೇಬೇಕು ಅಂದರೆ ದೊಡ್ಡದರ ಬಗ್ಗೆ ಮಾಡಿ. ತಂಬಾಕು ಯಾವ ರೂಪದಲ್ಲಿದ್ದರೂ ಮೊದಲ ಸ್ಥಾನ ಅದಕ್ಕೇ. ಮದ್ಯ, ಬೊಜ್ಜು ಆಮೇಲೆ. ಸೋಂಕುಗಳನ್ನು ಜನ ಮರೆತೇಬಿಡುತ್ತಾರೆ. ಗರ್ಭಕಂಠದ ಕ್ಯಾನ್ಸರ್ ಹೆಚ್ಚುಕಡಿಮೆ ಎಲ್ಲವೂ ಎಚ್‌ಪಿವಿ ವೈರಸ್‌ನಿಂದಲೇ ಬರುವುದು, ಅದಕ್ಕೆ ಲಸಿಕೆ ಇದೆ. ಲಿವರ್ ಕ್ಯಾನ್ಸರ್‌ಗೆ ದೊಡ್ಡ ಕಾರಣವಾದ ಹೆಪಟೈಟಿಸ್ ಬಿಗೂ ಲಸಿಕೆ ಇದೆ. ವಂಶದಿಂದ ಬರುವುದು ಒಟ್ಟು ಕ್ಯಾನ್ಸರ್‌ನಲ್ಲಿ ಶೇಕಡಾ 5ರಿಂದ 10 ಮಾತ್ರ. ಚಿಕ್ಕಪ್ಪ ಒಬ್ಬರಿಗೆ ಬಂತು ಅಂದ ಮಾತ್ರಕ್ಕೆ ನಿಮಗೆ ಬಂದೇ ಬರುತ್ತದೆ ಅಂತಿಲ್ಲ. ಅವರಿಗೆ 50 ವರ್ಷದೊಳಗೇ ಬಂದಿದ್ದರೆ, ಅಥವಾ ತಂದೆಯ ಕಡೆ ಇನ್ನೂ ಒಬ್ಬಿಬ್ಬರಿಗೆ ಬಂದಿದ್ದರೆ ಅದನ್ನು ಡಾಕ್ಟರ್‌ಗೆ ಹೇಳಿ. ಪರೀಕ್ಷೆ ಬೇಗ ಶುರು ಮಾಡಬೇಕಾ ಅಂತ ಅವರು ನೋಡುತ್ತಾರೆ.

ಇನ್ನು ‘ಐದು ವರ್ಷ ಬದುಕುವವರು ಇಷ್ಟು ಶೇಕಡಾ’ ಅನ್ನುವ ಲೆಕ್ಕ. ಇದರಷ್ಟು ದಾರಿ ತಪ್ಪಿಸುವ ಸಂಖ್ಯೆ ನಮ್ಮ ಕೆಲಸದಲ್ಲಿ ಇನ್ನೊಂದಿಲ್ಲ. ಒಬ್ಬರು 72ನೇ ವಯಸ್ಸಿನಲ್ಲಿ ತೀರಿಕೊಳ್ಳುತ್ತಾರೆ ಅಂದುಕೊಳ್ಳಿ. ರೋಗ 69ಕ್ಕೆ ಗೊತ್ತಾದರೆ ಅವರು ಐದು ವರ್ಷ ಬದುಕದವರ ಲೆಕ್ಕಕ್ಕೆ ಸೇರುತ್ತಾರೆ. 66ಕ್ಕೇ ಗೊತ್ತಾಗಿದ್ದರೆ ಬದುಕಿದವರ ಲೆಕ್ಕಕ್ಕೆ. ಆಯಸ್ಸು ಒಂದು ದಿನವೂ ಹೆಚ್ಚಿಲ್ಲ, ಶೇಕಡಾ ಮಾತ್ರ ಏರಿತು. ದಕ್ಷಿಣ ಕೊರಿಯಾದಲ್ಲಿ ಥೈರಾಯ್ಡ್ ಸ್ಕ್ಯಾನ್ ಜೋರಾದಾಗ 1993ರಿಂದ 2011ರೊಳಗೆ ಥೈರಾಯ್ಡ್ ಕ್ಯಾನ್ಸರ್ ಸುಮಾರು 15 ಪಟ್ಟು ಏರಿತು. ಅದರಿಂದ ಸಾಯುವವರ ಪ್ರಮಾಣ ಇದ್ದಲ್ಲೇ ಇತ್ತು. ಅಂದರೆ ಸುಮ್ನೆ ಬಿಟ್ಟಿದ್ದರೂ ತೊಂದರೆ ಕೊಡದ ಗಂಟುಗಳನ್ನು ಹುಡುಕಿ ಹುಡುಕಿ ಆಪರೇಷನ್ ಮಾಡಿದ್ದರು. ಹಾಗಂತ ಎಲ್ಲ ತಪಾಸಣೆಯೂ ದಂಡ ಅಂತಲ್ಲ. ಗರ್ಭಕಂಠ ಮತ್ತು ದೊಡ್ಡಕರುಳಿನ ತಪಾಸಣೆ ಕ್ಯಾನ್ಸರ್ ಆಗುವ ಮೊದಲೇ ಅದರ ಮೊಳಕೆಯನ್ನು ಹಿಡಿಯುತ್ತದೆ, ಜೀವ ಉಳಿಸುತ್ತದೆ. ಯಾವುದು ಕೆಲಸ ಮಾಡುತ್ತಿದೆ ಅಂತ ತಿಳಿಯಬೇಕಾದರೆ ಸಾವಿನ ಪ್ರಮಾಣ ಇಳಿಯಿತಾ ಅಂತ ನೋಡಬೇಕು.

ಚಿಕ್ಕಪ್ಪನ ಬಗ್ಗೆ ಯಾರಾದರೂ ‘ಮೀಡಿಯನ್ ಇಷ್ಟು ತಿಂಗಳು’ ಅಂದರೆ, ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದ್ದಾರೆ ಅಂತ ಅರ್ಥ. ಕೆಲವರು ತುಂಬಾ ಹೆಚ್ಚು. ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್‌ಗೆ 1982ರಲ್ಲಿ ಮೀಸೋಥೀಲಿಯೋಮಾ ಅನ್ನುವ ಅಪರೂಪದ ಕ್ಯಾನ್ಸರ್ ಇದೆ ಅಂತ ಗೊತ್ತಾಯಿತು. ಆಗ ಅದರ ಮೀಡಿಯನ್ 8 ತಿಂಗಳು. ಅವರು ತೀರಿಕೊಂಡಿದ್ದು 2002ರಲ್ಲಿ, ಅದೂ ಬೇರೆ ಕ್ಯಾನ್ಸರ್‌ನಿಂದ. ಎಲ್ಲರಿಗೂ ಹಾಗಾಗುವುದಿಲ್ಲ, ಆದರೆ ಆ 8 ತಿಂಗಳು ಗಡುವು ಆಗಿರಲಿಲ್ಲ.

ಲಕ್ಷಣಗಳ ವಿಷಯಕ್ಕೆ ಬಂದರೆ, ನೋವಿಲ್ಲ ಅಂತ ಸಮಾಧಾನ ಪಡಬೇಡಿ. ಶುರುವಿನಲ್ಲಿ ಎಷ್ಟೋ ಕ್ಯಾನ್ಸರ್ ನೋಯುವುದೇ ಇಲ್ಲ. ಮೂರು ವಾರವಾದರೂ ವಾಸಿಯಾಗದ ಬಾಯಿಹುಣ್ಣು, ಹೋಗದ ಕೆಮ್ಮು, ಒಡೆದ ದನಿ, ನುಂಗಲು ಕಷ್ಟ, ಮಲವಿಸರ್ಜನೆಯ ಅಭ್ಯಾಸ ಬದಲಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಇವಕ್ಕೆಲ್ಲ ತೋರಿಸಿಕೊಳ್ಳಬೇಕು. ಕೆಲವಕ್ಕೆ ಮೂರು ವಾರವೂ ಕಾಯಬಾರದು: ಸ್ತನದಲ್ಲಿ ಹೊಸ ಗಂಟು, ಮೂತ್ರದಲ್ಲಿ ರಕ್ತ (ಒಂದೇ ಸಲ ಆದರೂ), ಕೆಮ್ಮಿದಾಗ ರಕ್ತ, ಮುಟ್ಟು ನಿಂತ ಮೇಲೆ ರಕ್ತಸ್ರಾವ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಂತ ನೀವೇ ತೀರ್ಮಾನ ಮಾಡಬೇಡಿ. ಹೆಚ್ಚಿನ ಸಲ ಮೂಲವ್ಯಾಧಿಯೇ ಇರುತ್ತದೆ, ಆದರೆ ಅದನ್ನು ಡಾಕ್ಟರ್ ನೋಡಿ ಹೇಳಲಿ.

ಚಿಕ್ಕಪ್ಪನಿಗೆ ಕೀಮೋ ನಡೆಯುತ್ತಿರುವಾಗ ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. ಕೀಮೋ ಆದ ಒಂದೆರಡು ವಾರದಲ್ಲಿ ಬಿಳಿ ರಕ್ತಕಣ ತುಂಬಾ ಇಳಿದಿರುತ್ತವೆ. ಆಗ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಜ್ವರ ಬಂದರೂ ಅದು ತುರ್ತು. ಪ್ಯಾರಸಿಟಮಾಲ್ ಕೊಟ್ಟು ಬೆಳಗಿನವರೆಗೆ ನೋಡೋಣ ಅನ್ನಬೇಡಿ. ಒಂದೇ ಕಾಲು ಊದಿಕೊಂಡರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿರಬಹುದು. ಬೆನ್ನು ನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ, ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಅಲ್ಲಿ ಗಂಟೆಗಳ ಲೆಕ್ಕ. ಅವರ ಆಸ್ಪತ್ರೆಯ ತುರ್ತು ನಂಬರನ್ನು ಮನೆಯವರೆಲ್ಲ ಫೋನಿನಲ್ಲಿ ಹಾಕಿಕೊಳ್ಳಿ. ಕರೆ ಮಾಡಿದಾಗ ಮೊದಲ ಮಾತಿಗೇ ಕೀಮೋ ನಡೆಯುತ್ತಿದೆ, ಕೊನೆಯದು ಇಂಥ ದಿನ ಆಯಿತು ಅಂತ ಹೇಳಿಬಿಡಿ.