ಮದ್ದು ಬಿಡುವುದೂ ಲಸಿಕೆ ಕೊಡುವುದೂ ಒಂದಲ್ಲ

ಪ್ರಿಯ ಲೇಖಕರೇ,

ಲಸಿಕೆ ಹಾಕಿದ ಮೇಲೆ ದೇಹದೊಳಗೆ ಏನಾಗುತ್ತದೆ ಎಂಬುದನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆ, ಆದರೆ ಕೈಬಿಡಲು ಮನಸ್ಸೂ ಇಲ್ಲ. ಆರೋಗ್ಯದ ವಿಷಯವಾಗಿ ನಮ್ಮ ಕಾಸರಗೋಡಿನ ಹಳ್ಳಿಗಳಿಗೆ ಬರುವ ಕರಪತ್ರಗಳು ಹೆಚ್ಚಾಗಿ ಮಲಯಾಳದಲ್ಲಿರುತ್ತವೆ. ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರು ಅವನ್ನು ಮೊಮ್ಮಕ್ಕಳಿಂದ ಓದಿಸಿಕೊಂಡು ಅರ್ಧಂಬರ್ಧ ತಿಳಿದುಕೊಳ್ಳುತ್ತಾರೆ. ಅಂಥವರಿಗಾಗಿ ಕನ್ನಡದಲ್ಲಿ ಬರೆಯಹೊರಟಿರುವ ನಿಮ್ಮ ಬರಹ ತಪ್ಪಿಲ್ಲದೆ ಇರಬೇಕೆಂಬ ಆಸೆಯಿಂದ ಇಷ್ಟು ನಿಷ್ಠುರವಾಗಿ ಬರೆಯುತ್ತಿದ್ದೇನೆ.

ನಿಮ್ಮ ಲೇಖನವಿಡೀ ಒಂದು ಹೋಲಿಕೆಯ ಮೇಲೆ ನಿಂತಿದೆ. ಕೊಳೆರೋಗ ಬಾರದಂತೆ ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗಳಿಗೆ ಬೋರ್ಡೋ ಮದ್ದು ಬಿಡುವ, ಎಂದರೆ ಸಿಂಪಡಿಸುವ ಹಾಗೆ ಲಸಿಕೆ, ನಲವತ್ತು ನಲವತ್ತೈದು ದಿನ ಕಳೆದು ಇನ್ನೊಮ್ಮೆ ಬಿಡುವ ಹಾಗೆ ಎರಡನೆಯ ಡೋಸು ಎಂದು ಬರೆದಿದ್ದೀರಿ. ತೋಟದವರಿಗೆ ಥಟ್ಟನೆ ಹಿಡಿಸುವ ಮಾತು ಇದು, ಆದರೆ ಪೂರ್ತಿ ತಪ್ಪು. ಆ ಮದ್ದಿನ ಮೈಲುತುತ್ತು ಮತ್ತು ಸುಣ್ಣದ ಲೇಪ ಕಾಯಿಯ ಹೊರಮೈಯಲ್ಲಿ ಉಳಿದು ತಾನೇ ಶಿಲೀಂಧ್ರವನ್ನು ತಡೆಯುತ್ತದೆ. ಮರ ಅದರಿಂದ ಏನನ್ನೂ ಕಲಿಯುವುದಿಲ್ಲ, ಮಳೆಗೆ ಲೇಪ ತೊಳೆದುಹೋದರೆ ರಕ್ಷಣೆಯೂ ಹೋಯಿತು. ಲಸಿಕೆಯ ಸಂಗತಿ ಇದಕ್ಕೆ ನೇರ ವಿರುದ್ಧ. ಚುಚ್ಚಿದ ವಸ್ತು ಸ್ವಲ್ಪ ಕಾಲದಲ್ಲಿ ಕರಗಿಹೋಗುತ್ತದೆ, ಉಳಿಯುವುದು ದೇಹ ತಾನಾಗಿ ಮಾಡಿಕೊಂಡ ಸಿದ್ಧತೆ. ಎರಡನೆಯ ಡೋಸನ್ನು ಕೊಡುವುದು ಮೊದಲನೆಯದು ತೊಳೆದುಹೋಯಿತೆಂದಲ್ಲ, ಮೊದಲ ಸಲ ಹುಟ್ಟಿದ ನೆನಪಿನ ಕಣಗಳನ್ನು, ಎಂದರೆ ಆ ವಸ್ತುವನ್ನು ನೆನಪಿಟ್ಟುಕೊಂಡು ಉಳಿಯುವ ಬಿಳಿ ರಕ್ತಕಣಗಳನ್ನು ಮತ್ತೆ ಎಬ್ಬಿಸಿ, ಅವುಗಳ ಸಂಖ್ಯೆಯನ್ನೂ ಹಿಡಿತವನ್ನೂ ಬಲಪಡಿಸುವುದಕ್ಕೆ.

ಎರಡನೆಯ ಪುಟದಲ್ಲಿ, ಪ್ರತಿಜನಕವನ್ನು, ಎಂದರೆ ತಾನು ಹೊರಗಿನದೆಂದು ಗುರುತಿಸುವ ವಸ್ತುವನ್ನು ಕಂಡ ಕೂಡಲೇ ದೇಹವು ದರ್ಜಿಯಂತೆ ಅಳತೆ ತೆಗೆದು ಅದಕ್ಕೊಪ್ಪುವ ಪ್ರತಿಕಾಯವನ್ನು (ಅದಕ್ಕೆ ಅಂಟಿಕೊಂಡು ತಡೆಯುವ ಪ್ರೋಟೀನನ್ನು) ಹೊಲಿಯುತ್ತದೆ ಎಂದಿದ್ದೀರಿ. ಇದಕ್ಕೆ ನಾಚಿಕೊಳ್ಳಬೇಕಾಗಿಲ್ಲ, 1940ರಲ್ಲಿ ಲೈನಸ್ ಪಾಲಿಂಗ್‌ರಂಥ ವಿಜ್ಞಾನಿಯೂ ಹೆಚ್ಚುಕಡಿಮೆ ಹೀಗೆಯೇ ಯೋಚಿಸಿದ್ದರು. ಆದರೆ 1957ರಲ್ಲಿ ಮೆಕ್‌ಫರ್ಲೇನ್ ಬರ್ನೆಟ್ ಮುಂದಿಟ್ಟ ಆಯ್ಕೆಯ ಸಿದ್ಧಾಂತವೇ ಮುಂದೆ ನಿಜವೆಂದು ಸ್ಥಿರಪಟ್ಟಿತು. ಪ್ರತಿಕಾಯ ತಯಾರಿಸುವ ಬಿ ಕಣಗಳೆಂಬ ಬಿಳಿ ರಕ್ತಕಣಗಳು ಪ್ರತಿಜನಕ ಬರುವ ಮೊದಲೇ ಲೆಕ್ಕವಿಲ್ಲದಷ್ಟು ಬಗೆಯಲ್ಲಿ ತಯಾರಾಗಿರುತ್ತವೆ, ಒಂದೊಂದರ ಮೈಮೇಲೂ ಅದರದೇ ಆದ ಒಂದು ಬಗೆಯ ಗ್ರಾಹಕ, ಎಂದರೆ ಪ್ರತಿಜನಕವನ್ನು ಹಿಡಿಯುವ ಕೊಂಡಿ ಇರುತ್ತದೆ. ಜೀನುಗಳ ತುಣುಕುಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ಈ ವೈವಿಧ್ಯ ಹುಟ್ಟುತ್ತದೆಂದು ತೋರಿಸಿದ ಸುಸುಮು ಟೊನೆಗಾವ ಅವರಿಗೆ 1987ರಲ್ಲಿ ನೊಬೆಲ್ ಬಂತು. ಪ್ರತಿಜನಕ ಬಂದಾಗ ಅದಕ್ಕೆ ಹೊಂದುವ ಕೆಲವೇ ಕಣಗಳು ಆಯ್ಕೆಗೊಂಡು, ಟಿ ಕಣಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ನೆರವಿನಿಂದ ಸಾವಿರಾರಾಗಿ ಒಡೆದು ಹೆಚ್ಚುತ್ತವೆ. ಒಡೆಯುವಾಗ ಆಗುವ ಸಣ್ಣ ವ್ಯತ್ಯಾಸಗಳಲ್ಲಿ ಹೆಚ್ಚು ಬಿಗಿಯಾಗಿ ಹಿಡಿಯುವವು ಮತ್ತೆ ಆಯ್ಕೆಯಾಗುತ್ತವೆ. ತೋಟದ ಹೋಲಿಕೆಯೇ ಬೇಕಿದ್ದರೆ ಮದ್ದು ಬಿಡುವುದನ್ನು ಬಿಟ್ಟು, ಒಳ್ಳೆಯ ತಾಯಿಮರವನ್ನು ನೋಡಿ ಬೀಜದಡಿಕೆ ಆಯುವುದನ್ನು ತೆಗೆದುಕೊಳ್ಳಿ. ತೋಟದಲ್ಲಿ ತಲೆಮಾರು ಹಿಡಿಯುವ ಆಯ್ಕೆ ಇಲ್ಲಿ ಕೆಲವು ವಾರಗಳಲ್ಲಿ ನಡೆಯುತ್ತದೆಂದು ಸೇರಿಸಿದರಾಯಿತು.

ಇದೆಲ್ಲ ಎಲ್ಲಿ ನಡೆಯುತ್ತದೆಂದು ನೀವು ಹೇಳಿಯೇ ಇಲ್ಲ. ಕಾಲಿಗೆ ಮುಳ್ಳು ತಾಗಿ ಕೀವಾದಾಗ ತೊಡೆಸಂದಿಯಲ್ಲಿ ನೋಯುವ ಗಂಟು ಕಟ್ಟುವುದು ಗದ್ದೆ ತೋಟಗಳಲ್ಲಿ ದುಡಿದವರಿಗೆಲ್ಲ ಗೊತ್ತು. ಗಾಯದ ಜಾಗದಿಂದ ಪ್ರತಿಜನಕವನ್ನು ಹೊತ್ತ ಕಣಗಳು ಬಂದು ಸೇರುವ ದುಗ್ಧಗ್ರಂಥಿ (ಲಿಂಫ್ ನೋಡ್) ಅದು, ಆಯ್ಕೆ ನಡೆಯುವುದು ಅಲ್ಲಿಯೇ. ಓದುಗರು ಕೈಯಿಂದ ಮುಟ್ಟಿ ಬಲ್ಲ ಈ ಗಂಟಿನಿಂದಲೇ ಲೇಖನ ಆರಂಭಿಸಿ.

ಪ್ರತಿಜನಕ, ರೋಗಾಣು ಎಂಬ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬಳಸಿದ್ದೀರಿ, ಇದನ್ನು ತಿದ್ದಲೇಬೇಕು. ದೇಹ ಗುರುತಿಸುವ ವಸ್ತು ಪ್ರತಿಜನಕ. ಅದು ರೋಗಾಣುವಿನ ಒಂದು ಭಾಗವಾಗಿರಬಹುದು, ಹೂವಿನ ಪರಾಗವೋ ಮೊಟ್ಟೆಯ ಪ್ರೋಟೀನೋ ಆಗಿರಬಹುದು. ಧನುರ್ವಾಯುವಿನ ಲಸಿಕೆಯಲ್ಲಿ ರೋಗಾಣುವೇ ಇರುವುದಿಲ್ಲ, ಕೆಡುಕು ತೆಗೆದ ಅದರ ವಿಷ ಮಾತ್ರ ಇರುತ್ತದೆ. ಆ ವಿಷ ಎಷ್ಟು ತೀಕ್ಷ್ಣವೆಂದರೆ, ಜೀವಕ್ಕೆ ಎರವಾಗುವ ಪ್ರಮಾಣವೂ ದೇಹಕ್ಕೆ ಪಾಠ ಕಲಿಸಲು ಸಾಲದು. ಆದ್ದರಿಂದ ಧನುರ್ವಾಯುವಿನಿಂದ ಬದುಕಿ ಉಳಿದವರಿಗೂ ಲಸಿಕೆ ಕೊಡಲೇಬೇಕು.

ನಿಮ್ಮ ಬರಹದ ಅತ್ಯುತ್ತಮ ಭಾಗವನ್ನು ನೀವು ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೀರಿ. ನಾಯಿ ಕಚ್ಚಿಸಿಕೊಂಡ ಪಕ್ಕದ ಮನೆಯ ಅಕ್ಕ, ಗಾಯಕ್ಕೂ ಚುಚ್ಚಿ ತೋಳಿಗೂ ಯಾಕೆ ಚುಚ್ಚಿದರು ಎಂದು ಕೇಳಿದರಲ್ಲ, ಇಡೀ ವಿಷಯ ಆ ಪ್ರಶ್ನೆಯಲ್ಲಿಯೇ ಇದೆ. ತೋಳಿಗೆ ಕೊಟ್ಟ ರೇಬೀಸ್ ಲಸಿಕೆಯಿಂದ ಆಕೆಯ ದೇಹ ಸಾಕಷ್ಟು ಪ್ರತಿಕಾಯ ತಯಾರಿಸಲು ಒಂದರಿಂದ ಎರಡು ವಾರ ಬೇಕು. ಅಲ್ಲಿಯವರೆಗೆ ವೈರಾಣು ಕಾಯುವುದಿಲ್ಲವಾದ್ದರಿಂದ, ಆಳವಾದ ಗಾಯಕ್ಕೆ ಸಿದ್ಧ ಪ್ರತಿಕಾಯವನ್ನೇ, ಎಂದರೆ ಇಮ್ಯುನೋಗ್ಲಾಬ್ಯುಲಿನ್ ಅನ್ನು ತುಂಬುತ್ತಾರೆ. ಅದು ಎರವಲು, ಕೆಲವು ವಾರಗಳಲ್ಲಿ ಕ್ಷಯಿಸುತ್ತದೆ. ಲಸಿಕೆ ಆರಂಭಿಸಿ ಏಳು ದಿನ ದಾಟಿದರೆ ಅದನ್ನು ಕೊಡುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಸ್ವಂತ ಉತ್ಪಾದನೆ ಶುರುವಾಗಿರುತ್ತದೆ. ಹಿಂದೆ ಪೂರ್ತಿ ಲಸಿಕೆ ಪಡೆದವರಿಗೆ ಮತ್ತೆ ನಾಯಿ ಕಚ್ಚಿದರೆ ಇಮ್ಯುನೋಗ್ಲಾಬ್ಯುಲಿನ್ ಬೇಡ, ಮೊದಲ ದಿನ ಮತ್ತು ಮೂರು ದಿನ ಬಿಟ್ಟು ಕೊಡುವ ಲಸಿಕೆಯೇ ಸಾಕು. ನೆನಪಿನ ಕಣಗಳ ಎರಡನೆಯ ಪ್ರತಿಕ್ರಿಯೆ ಎಷ್ಟು ಬೇಗ, ಎಷ್ಟು ಬಲವಾಗಿ ಬರುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕಚ್ಚಿದ ಕೂಡಲೇ ಹದಿನೈದು ನಿಮಿಷ ಸಾಬೂನು ನೀರಿನಿಂದ ಗಾಯ ತೊಳೆಯಬೇಕೆಂಬುದನ್ನು ಮಾತ್ರ ಮರೆಯದೆ ಬರೆಯಿರಿ.

ಸಿಡುಬಿನ ಲಸಿಕೆಯ ಜೆನ್ನರ್‌ನ ಕಥೆ ಪಠ್ಯಪುಸ್ತಕಗಳಲ್ಲಿ ಸವೆದಿದೆ, ಅದಕ್ಕೆ ಒಂದು ಪುಟ ಬೇಡ. ಬದಲಿಗೆ, ದೇಹದ ನೆನಪು ಎಷ್ಟು ಕಾಲ ಉಳಿಯಬಲ್ಲದೆಂದು ತೋರಿಸುವ, ಉತ್ತರ ಅಟ್ಲಾಂಟಿಕ್ ಸಾಗರದ ಫಾರೋ ದ್ವೀಪಗಳ ಸಂಗತಿ ಹಾಕಿ: 1846ರಲ್ಲಿ ಅಲ್ಲಿ ದಡಾರ ಹಬ್ಬಿದಾಗ, 1781ರ ದಡಾರವನ್ನು ಚಿಕ್ಕಂದಿನಲ್ಲಿ ಅನುಭವಿಸಿದ್ದ ವೃದ್ಧರಿಗೆ ಅದು ಮತ್ತೆ ತಗಲಲಿಲ್ಲವೆಂದು ಪೀಟರ್ ಪಾನುಮ್ ಎಂಬ ಯುವ ವೈದ್ಯರು ದಾಖಲಿಸಿದರು. ನಡುವೆ 65 ವರ್ಷ ಆ ದ್ವೀಪಗಳಲ್ಲಿ ದಡಾರವೇ ಇರಲಿಲ್ಲ. ಕಷಾಯ ಕುಡಿದು ರೋಗನಿರೋಧಕ ಶಕ್ತಿ ಏರಿಸಿಕೊಳ್ಳಿ ಎಂಬ ಕೊನೆಯ ಪ್ಯಾರಾವನ್ನು ತೆಗೆದುಬಿಡಿ. ರೋಗನಿರೋಧಕ ಶಕ್ತಿ ತೊಟ್ಟಿಯ ನೀರಿನಂತೆ ಏರಿಸಬೇಕಾದದ್ದಲ್ಲ, ಅಲರ್ಜಿಯಲ್ಲಿ ತೊಂದರೆ ಕೊಡುವುದು ಅದರ ಅತಿಯಾದ ಪ್ರತಿಕ್ರಿಯೆಯೇ.

ಹಸ್ತಪ್ರತಿಯನ್ನು ಗುರುತು ಹಾಕಿ ಹಿಂದಿರುಗಿಸುತ್ತಿದ್ದೇನೆ. ತಿದ್ದಿ ಕಳುಹಿಸುವ ಮೊದಲು ಆ ಅಕ್ಕನಿಗೆ ಒಮ್ಮೆ ಓದಿ ಹೇಳಿ, ಅವರು ಎಲ್ಲಿ ತಡೆದು ಪ್ರಶ್ನೆ ಕೇಳಿದರೆಂಬುದನ್ನು ಅಂಚಿನಲ್ಲಿ ಬರೆದಿಡಿ. ಆ ಪ್ರತಿಯನ್ನೇ ನನಗೆ ಕಳುಹಿಸಿ.

ಇತಿ ವಿಶ್ವಾಸದ,
ಸಂಪಾದಕ